ಬೀನ್ಸ್ ಮಡಿಗೆ ಉಪ್ಪು ಸುರಿದವರು

ನಮ್ಮ ಬೀದಿಯ ತರಕಾರಿ ಬೆಳೆಯುವಾಕೆಗೆ ಊರಿಟ್ಟ ಹೆಸರು ಪತ್ತೇದಾರಮ್ಮ. ಹಾಲು ಒಡೆದರೆ ಹಾಲಿನವನ ಮುಖ ದಿಟ್ಟಿಸುವವಳು, ಬಾಗಿಲು ಕಿರುಗುಟ್ಟಿದರೆ ಬಡಗಿಯ ಮೇಲೆ ಗುಮಾನಿ ಪಡುವವಳು. "ನಾನು ಸತ್ತರೂ ಮೂಗಿಗೆ ಕೈ ಹಿಡಿದು ನೋಡ್ತಾಳೆ, ನಾಟಕ ಇರಬಹುದು ಅಂತ" ಎನ್ನುತ್ತಿದ್ದ ಅವಳ ಗಂಡ. ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ ಆತ.

ದುಡಿಮೆಯಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಕಾಲುವೆಗೆ ನೀರು ಬಂದ ದಿನ ಹೊಲ ಕೆರೆಯಾಗುವವರೆಗೆ ಹೊಲಕ್ಕೆ ನೀರು ಬಿಡುವ ಬಾಯಿ ಮುಚ್ಚುತ್ತಿರಲಿಲ್ಲ. ಮುಚ್ಚಿದರೆ ಆ ನೀರು ಪಕ್ಕದ ಹೊಲದ ಓರಗಿತ್ತಿಗೆ, ಅಂದರೆ ಮೈದುನನ ಹೆಂಡತಿಗೆ ಹೋಗುತ್ತದಲ್ಲ. ಆಸ್ತಿ ಪಾಲಾದಂದಿನಿಂದ ಇಬ್ಬರಿಗೂ ಎಣ್ಣೆ ಸೀಗೇಕಾಯಿ.

ಒಂದು ಬೇಸಿಗೆಯ ಬೆಳಿಗ್ಗೆ ಬೀನ್ಸ್ ಮಡಿಯ ಮೇಲೆ ಬಿಳಿ ಪುಡಿ ಎದ್ದಿತ್ತು. ಎಲೆಯಂಚು ಬೆಂಕಿ ತಾಕಿದಂತೆ ಸುಟ್ಟಿತ್ತು. ಚಿಟಿಕೆ ತೆಗೆದು ನಾಲಿಗೆಗಿಟ್ಟಳು. ಉಪ್ಪು. ಮನೆ ನಡೆಯುತ್ತಿದ್ದುದೇ ಆ ಮಡಿಯಿಂದ. ಅದೂ ಹೋದರೆ ಮನೆಗೆ ಬೀಗ ಜಡಿದು ಹೊರಡಬೇಕಿತ್ತು. ಆಚೆಯ ಹೊಲಗಳವರು ಹಾಗೇ ಹೊರಟಿದ್ದರು; ಅವರು ಬಿಟ್ಟ ನೆಲದಲ್ಲಿ ಗರಿಕೆಯೂ ಇಲ್ಲ, ಗಾಳಿ ಬೀಸಿದರೆ ಬಿಳಿ ಧೂಳು ಕಣ್ಣಿಗೆ ತುಂಬುತ್ತದೆ.

"ಅಲ್ಲಿಂದಲೇ ಮೂಟೆ ಕಟ್ಟಿ ತಂದು ಸುರಿದಿದ್ದಾಳೆ, ನಿಮ್ಮ ತಮ್ಮನ ಹೆಂಡತಿ" ಎಂದಳು ಗಂಡನಿಗೆ.

"ಅವಳಿಗೆ ಬೇರೆ ಕೆಲಸ ಇಲ್ವಾ?"

"ನಸುಕಲ್ಲಿ ಗಡಿ ಹತ್ರ ಹುಲ್ಲು ಹಾಸ್ತಾ ಇರ್ತಾಳೆ. ನಾನು ನೋಡಿದ್ರೆ ಬಗ್ಗಿ ಕೂರ್ತಾಳೆ. ಹೆಜ್ಜೆ ಗುರುತು ಮುಚ್ಚೋಕೆ ಅಲ್ದೆ ಮತ್ತೇನಕ್ಕೆ?"

ಪುಡಿಯನ್ನು ಗುಡಿಸಿ ಎಸೆದಳು. ಉಳಿದದ್ದು ಕರಗಲೆಂದು ಇನ್ನಷ್ಟು ನೀರು ಹಾಯಿಸಿದಳು. ನೆಲ ಆರುತ್ತಿದ್ದಂತೆ ಮೊದಲಿಗಿಂತ ದಪ್ಪ ಪದರ ಕೂತಿತು. ಹಾಗಾದರೆ ಮೂಟೆಯನ್ನು ಅಡಿಯಲ್ಲೇ ಹೂತಿದ್ದಾಳೆ ಎಂದುಕೊಂಡು ಹಾರೆ ತಂದು ಅಗೆಯತೊಡಗಿದಳು. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಗುಂಡಿಯೊಳಗೆ ನೀರು ಒಸರಿತು. ಬಾಯಿಗಿಟ್ಟರೆ ಥೂ ಎನ್ನುವಷ್ಟು ಉಪ್ಪು.

ಗಂಡ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದ. "ಸಿಕ್ಕಿಬಿದ್ದ ನೋಡು ಕಳ್ಳ. ನೀನು ಹೊಯ್ದ ನೀರೇ ಕಣೇ ಇದು. ಹೋಗೋಕೆ ದಾರಿ ಇಲ್ದೆ ಕೂತಿದೆ."

ಅವನ ಮಾತು ಸುಳ್ಳಲ್ಲ. ಮರಳುಗಾಡಾಗಲು ನೆಲ ಬಾಯಾರಿಯೇ ಸಾಯಬೇಕೆಂದಿಲ್ಲ, ನೀರು ಕುಡಿದು ಕುಡಿದೂ ಸಾಯುತ್ತದೆ. ಮಣ್ಣಿನೊಳಗೆ ಉಪ್ಪು ಇದ್ದೇ ಇರುತ್ತದೆ. ಅಡಿಯಲ್ಲಿ ನಿಂತ ನೀರು ದೀಪದ ಬತ್ತಿಗೆ ಎಣ್ಣೆ ಏರಿದಂತೆ ಆ ಉಪ್ಪನ್ನೂ ಹೊತ್ತು ಮೇಲೇರುತ್ತದೆ. ಬಿಸಿಲು ನೀರನ್ನು ಕುಡಿದು ಉಪ್ಪನ್ನು ಉಗಿಯುತ್ತದೆ. ಇದನ್ನೇ ಸವಳು ಎನ್ನುವುದು. ಮಾವನ ಕಾಲದಲ್ಲಿ ಈಗಿನ ಗಡಿಯುದ್ದಕ್ಕೂ ಹೆಚ್ಚಿನ ನೀರನ್ನು ಹಳ್ಳಕ್ಕೆ ಒಯ್ಯುವ ಬಸಿಗಾಲುವೆ ಇತ್ತು, ಪಕ್ಕದಲ್ಲಿ ನೀರು ಹೀರುವ ಮರಗಳಿದ್ದವು. ಪಾಲಾದಾಗ ಕಾಲುವೆ ಯಾರದೆಂದು ಕಿತ್ತಾಡಿ, ಇನ್ನೊಬ್ಬರಿಗೆ ಸಿಗಬಾರದೆಂದು ಮಣ್ಣು ತುಂಬಿದರು, ಮರ ಕಡಿದರು. ಮತ್ತೆ ತೋಡಲು ಅರ್ಧ ಅಗಲ ಓರಗಿತ್ತಿಯ ನೆಲದಿಂದ ಬರಬೇಕು.

ಪತ್ತೇದಾರಮ್ಮ ಎರಡು ಸಲ ಆ ಮನೆಯ ತಿರುವಿನವರೆಗೆ ಹೋಗಿ ಹಿಂದಿರುಗಿದಳು. ಮೂರನೆಯ ಸಲ ಹೊಸ್ತಿಲಲ್ಲಿ ನಿಂತಳು.

"ಏನಕ್ಕ, ದಾರಿ ತಪ್ಪಿ ಬಂದ್ರಾ?"

"ಗಡಿ ಮೇಲೆ ಕಾಲುವೆ ತೋಡ್ಬೇಕು. ಅರ್ಧ ನಿನ್ನ ಕಡೆಯಿಂದ ಕೊಡು."

"ಮುಚ್ಚೋವಾಗ ಒಂದು ಮೊಳ ನುಂಗಿದ್ರಿ. ತೆಗೆಯೋವಾಗ ಎಷ್ಟು ನುಂಗ್ತೀರಿ?"

"ಅಲ್ಲಿ ನುಂಗೋಕೆ ಉಪ್ಪು ಬಿಟ್ರೆ ಏನಿದೆ?"

"ಉಪ್ಪು ನಿಮ್ಮ ಹೊಲದ್ದು. ನಮ್ಮದು ಚೆನ್ನಾಗಿದೆ."

"ಹಾಗಾದ್ರೆ ಹುಲ್ಲು ಯಾಕೆ ಹಾಸ್ತೀಯ? ನೆಲಕ್ಕೆ ಚಳಿಯಾ?"

ಓರಗಿತ್ತಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು. "ನಮ್ಮ ಅಂಚೂ ಬೆಳ್ಳಗಾಗಿದೆ ಅಕ್ಕ. ನೀವು ನೋಡಿ ನಗ್ತೀರಿ ಅಂತ ಮುಚ್ಚಿದೆ."

ಇಬ್ಬರೂ ಹೋಗಿ ಹುಲ್ಲನ್ನು ಎತ್ತಿ ನೋಡಿದರು. ಬಿಸಿಲು ತಾಕದ ಆ ಜಾಗದಲ್ಲಿ ಉಪ್ಪು ಕಡಿಮೆ ಇತ್ತು. ಮಾನ ಮುಚ್ಚಲು ಹಾಸಿದ ಹುಲ್ಲು ಮಣ್ಣನ್ನೂ ಕಾದಿತ್ತು.

ಕಾಲುವೆ ತೋಡಲು ಒಪ್ಪಿದರು. ಆದರೂ ಗಡಿ ಗುರುತಿಗೆ ಹಗ್ಗ ಕಟ್ಟಿದ ಮೇಲೆ ಆ ತುದಿಯಿಂದ ಒಬ್ಬಳು, ಈ ತುದಿಯಿಂದ ಒಬ್ಬಳು, ಹಗ್ಗ ತನ್ನತ್ತ ಸರಿದಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದರು. "ಮೊದಲು ನನ್ನ ಕಡೆಯೇ ಅಗೀತೀನಿ, ನೀನು ಕಾವಲಿರು" ಎಂದಳು ಪತ್ತೇದಾರಮ್ಮ. ಓರಗಿತ್ತಿ ಒಂದು ದಿನವೆಲ್ಲ ಕಾವಲು ಕೂತಳು. ಮರುದಿನ ಗುದ್ದಲಿ ತಂದಳು.

ಆ ಸಲದ ಬೀನ್ಸ್ ಉಳಿಯಲಿಲ್ಲ. ಬರಿ ಮಡಿಗೆ ನೀರು ತುಂಬಿಸಿ, ಉಪ್ಪು ಬಸಿದು ಕಾಲುವೆಗಿಳಿಯಲು ಬಿಟ್ಟರು. ಆಮೇಲೆ ಗೊಬ್ಬರ ಬೆರೆಸಿ, ಹುಲ್ಲು ಹೊದಿಸಿ, ಬೇರಿಗೆ ಬೇಕಾದಷ್ಟೇ ನೀರು ಕೊಟ್ಟರು. ಈಗ ಅರ್ಧ ಮಡಿಯಲ್ಲಿ ಬೀನ್ಸ್ ಕಾಯಿ ಬಿಟ್ಟಿದೆ, ಉಳಿದರ್ಧದಲ್ಲಿ ಉಪ್ಪು ತಾಳುವ ಮೇವು. ಊರು ಬಿಡುವ ಮಾತು ಆ ಮನೆಯಲ್ಲಿ ನಿಂತಿದೆ. ಬಸಿಗಾಲುವೆಯ ದಡದಲ್ಲಿ ಇಬ್ಬರೂ ಸಸಿ ನೆಟ್ಟಿದ್ದಾರೆ. ಕದ್ದು ಹೆಚ್ಚು ನೀರು ಹೊಯ್ಯುವವರು ಯಾರೆಂಬ ಜಗಳ ಮಾತ್ರ ದಿನಾ ಬೆಳಿಗ್ಗೆ ಕೇಳಿಸುತ್ತದೆ.