ಉಸಿರಿಗೆ ಒಬ್ಬರು ಜೊತೆ

ಮಳೆಗಾಲದಲ್ಲಿ ಕಡಲು ನಮಗೆ ಬಾಗಿಲು ಹಾಕುತ್ತದೆ. ಡೈವಿಂಗ್ ಕಲಿಸುವ ನಾನು ಆ ನಾಲ್ಕು ತಿಂಗಳು ಬಸವೇಶ್ವರನಗರದ ಬಾಡಿಗೆ ಪೋರ್ಷನ್‌ಗೆ ಬಂದು ಕೂರುತ್ತೇನೆ. ಒಂದು ರೂಮು, ಒಂದು ಅಡುಗೆಮನೆ, ಮೂಲೆಯಲ್ಲಿ ನೀರಿನಡಿ ಉಸಿರಾಡುವ ಯಂತ್ರ, ರಿಬ್ರೀದರ್. ಕೆಲವು ದಿನ ಹಾಲಿನವನ ಹತ್ತಿರ ಆಡಿದ ಎರಡು ಮಾತೇ ದಿನದ ಮಾತು. ಇದನ್ನು ಸ್ವಾತಂತ್ರ್ಯ ಅಂತ ಹೇಳಿಕೊಂಡು ಓಡಾಡುತ್ತಿದ್ದೆ, ಜಂಬದ ಕೋಳಿ.

ಸಾಮಾನ್ಯ ಸ್ಕೂಬಾದಲ್ಲಿ ಬಿಟ್ಟ ಉಸಿರು ಗುಳ್ಳೆಯಾಗಿ ಮೇಲೆ ಹೋಗುತ್ತದೆ. ಅದರಲ್ಲಿ ಬಳಸದ ಆಮ್ಲಜನಕ ಬೇಕಾದಷ್ಟಿರುತ್ತದೆ, ಎಲ್ಲ ದಂಡ. ರಿಬ್ರೀದರ್ ಜಿಪುಣ. ಬಿಟ್ಟ ಉಸಿರನ್ನು ಸುಣ್ಣದ ಹರಳು ತುಂಬಿದ ಡಬ್ಬಿಯಲ್ಲಿ ಹಾಯಿಸುತ್ತದೆ. ಕಾರ್ಬನ್ ಡೈಆಕ್ಸೈಡನ್ನು ಸುಣ್ಣ ಹೀರಿಕೊಳ್ಳುತ್ತದೆ. ದೇಹ ಬಳಸಿದಷ್ಟು ಆಮ್ಲಜನಕವನ್ನು ಸಣ್ಣ ಸಿಲಿಂಡರ್‌ನಿಂದ ಸೇರಿಸಿ, ಅದೇ ಗಾಳಿಯನ್ನು ಮತ್ತೆ ಬಾಯಿಗೆ ಕೊಡುತ್ತದೆ. ಗುಳ್ಳೆಯಿಲ್ಲದ್ದರಿಂದ ಮೀನುಗಳೂ ಹೆದರುವುದಿಲ್ಲ.

ಅಪಾಯ ಒಂದಿದೆ. ಉಸಿರು ಕಟ್ಟುವ ಸಂಕಟ ನಮಗೆ ಗೊತ್ತಾಗುವುದು ಕಾರ್ಬನ್ ಡೈಆಕ್ಸೈಡ್ ಹೆಚ್ಚಾದಾಗ. ಅದನ್ನು ಸುಣ್ಣ ಮೊದಲೇ ತಿಂದುಹಾಕಿರುತ್ತದಲ್ಲ, ಹಾಗಾಗಿ ಆಮ್ಲಜನಕ ತೀರುತ್ತಿದ್ದರೂ ಏನೂ ಅನಿಸುವುದಿಲ್ಲ. ಹಾಯಾಗಿ ಪ್ರಜ್ಞೆ ತಪ್ಪುತ್ತದೆ, ಆಮೇಲೆ ಜೀವ ಹೋಗುತ್ತದೆ. ಅದಕ್ಕೇ, ಯಂತ್ರ ಜೋಡಿಸಿದ ಮೇಲೆ ಮೂಗಿಗೆ ಕ್ಲಿಪ್ ಹಾಕಿ ಐದು ನಿಮಿಷ ಕೂತು ಉಸಿರಾಡಿ ನೋಡಬೇಕು. ಪಕ್ಕದಲ್ಲಿ ಒಬ್ಬರಿರಬೇಕು.

ಕಡಲಿನ ಹತ್ತಿರವಾದರೆ ಜೊತೆಯವರಿರುತ್ತಾರೆ. ಯಂತ್ರ ಬಿಚ್ಚಿ ಒರೆಸಿ ಜೋಡಿಸುವ ಕೆಲಸ ಮಳೆಗಾಲದಲ್ಲೂ ತಪ್ಪದು, ಆದರೆ ಇಲ್ಲಿ ಯಾರಿದ್ದಾರೆ? ಸಂಕೋಚದಿಂದಲೇ ಕೆಳಗಿನ ಮನೆಯ ಓನರ್ ಆಂಟಿಯನ್ನು ಕೇಳಿದೆ.

"ಉಸಿರಾಡಕ್ಕೂ ಜೊತೆ ಬೇಕೇನೇ ನಿಂಗೆ?" ಅಂತ ನಕ್ಕರು. ಆದರೂ ಶನಿವಾರ ನಾಲ್ಕಕ್ಕೆ ಹುರುಳಿಕಾಯಿಯ ಮೊರ ಹಿಡಿದು ಮೇಲೆ ಬಂದರು. ದಿನಾ ಎಲೆಗೆ ಸುಣ್ಣ ಹಚ್ಚುವವರು, ಡಬ್ಬಿಯ ಕೆಲಸ ಬೇಗ ಅರ್ಥವಾಯಿತು. ಆಮ್ಲಜನಕ ಸೇರಿಸುವಾಗ ಯಂತ್ರದ ಕವಾಟ ಟಿಕ್ ಎನ್ನುತ್ತದೆ, ಹಿಂದೆಯೇ ಆಮ್ಲಜನಕ ಒಳನುಗ್ಗುವ ಸುಸ್. ಕುಕ್ಕರ್ ಕೂಗು ಎಣಿಸುವವರಂತೆ ಅದಕ್ಕೆ ಕಿವಿಗೊಟ್ಟು, ಕಾಯಿಯ ನಾರು ಬಿಡಿಸುತ್ತಾ, ಮಾರೇನಹಳ್ಳಿಯ ಟೈಲರ್ ತಮ್ಮ ಬ್ಲೌಸ್ ಕೆಡಿಸಿದ ಕಥೆ ಹೇಳಿದರು. ನನ್ನ ಬಾಯಲ್ಲಿ ಯಂತ್ರದ ಕೊಳವೆಯ ರಬ್ಬರ್, ತಲೆ ಆಡಿಸಿದೆ. ಆಮೇಲೆ ಪ್ರತಿ ಶನಿವಾರ, ಅಗತ್ಯವಿಲ್ಲದಿದ್ದರೂ, ಯಂತ್ರ ಬಿಚ್ಚಿ ಜೋಡಿಸತೊಡಗಿದೆ.

ಒಂದು ಶನಿವಾರ ಅವರು ಕೇಳಿದರು, "ಹಬ್ಬಕ್ಕೂ ಯಾರೂ ಬರಲ್ಲ, ನೀನೂ ಎಲ್ಲೂ ಹೋಗಲ್ಲ. ನಿಂಗೆ ಯಾರೂ ಇಲ್ವೇನೇ?"

ನನ್ನ ಕೋಪ ಮೊದಲೇ ಮೂಗಿನ ತುದಿಯಲ್ಲಿ, ಕ್ಲಿಪ್ಪೂ ತಡೆಯಲಿಲ್ಲ. ರಬ್ಬರ್ ಕಿತ್ತು, "ಅದೆಲ್ಲ ನಿಮಗ್ಯಾಕೆ ಆಂಟಿ? ಮನೆ ಬಾಡಿಗೆಗೆ ಕೊಟ್ಟಿದೀರ, ಅಷ್ಟೇ" ಅಂದೆ. ಅವರು ಮೊರ ಎತ್ತಿಕೊಂಡು ಇಳಿದು ಹೋದರು. ಮಾತು ಆಡಿದರೆ ಹೋಯಿತು.

ವಾರವಿಡೀ ಮೆಟ್ಟಿಲಲ್ಲಿ ಹೆಜ್ಜೆ ಸದ್ದಿಲ್ಲ. ಮುಂದಿನ ಶನಿವಾರ ಹಠಕ್ಕೆ ಬಿದ್ದು ಒಬ್ಬಳೇ ಕೂತೆ. ಗಾಳಿ ಬರಲಿ ಅಂತ ನೆಪ ಹೇಳಿಕೊಂಡು ಬಾಗಿಲು ತೆರೆದಿಟ್ಟೆ. ಆಮ್ಲಜನಕದ ಮಟ್ಟ ತೋರಿಸುವ ಮಣಿಕಟ್ಟಿನ ಡಿಸ್‌ಪ್ಲೇ ಮೇಲಿರಬೇಕಾದ ಕಣ್ಣು ಬಾಗಿಲ ಮೇಲಿತ್ತು. ಆಮ್ಲಜನಕದ ಸಿಲಿಂಡರಿನ ತಿರುಪು ತೆರೆಯುವುದನ್ನೇ ಮರೆತಿದ್ದೆ. ಉಸಿರು ಸಲೀಸಾಗಿ ಆಡುತ್ತಿತ್ತು, ಮೈ ಹಗುರ. ನೋಡು, ಯಾರೂ ಬೇಕಿಲ್ಲ ನನಗೆ, ಅಂದುಕೊಂಡದ್ದೂ ನೆನಪಿದೆ.

"ತೆಗಿಯೇ ಅದನ್ನ! ಟಿಕ್ ಅಂತಿದೆ, ಸುಸ್ ಅಂತಿಲ್ಲ!"

ಆಂಟಿ ನುಗ್ಗಿ ಬಂದು ಬಾಯಿಂದ ಕಿತ್ತೇಬಿಟ್ಟರು. ಡಿಸ್‌ಪ್ಲೇ ಕೆಂಪಗೆ ಮಿನುಗುತ್ತಿತ್ತು. ಕಣ್ಣು ತಿಳಿಯಾದ ಮೇಲೆ ಎದ್ದು ಬಾಗಿಲಾಚೆ ಇಣುಕಿದರೆ, ಗೋಡೆಯ ಮರೆಯ ಮೆಟ್ಟಿಲ ಮೇಲೆ ಮೊರ ಕಂಡಿತು, ಅರ್ಧ ಬಿಡಿಸಿದ ಹುರುಳಿಕಾಯಿ.

"ಯಾವಾಗ ಬಂದ್ರಿ ಆಂಟಿ?"

"ನಾಲ್ಕು ಗಂಟೆಗೆ. ಶನಿವಾರ ಅಲ್ವಾ? ನೀನು ಕರೀಲಿಲ್ಲ, ಅಲ್ಲೇ ಕೂತೆ."

ನೀರು ಕುಡಿದು ಸುಧಾರಿಸಿಕೊಂಡು, ಸಿಲಿಂಡರ್ ತೆರೆದು ಮತ್ತೆ ಕೂತೆ. ಅವರು ಮೊರವನ್ನು ಒಳಗೆ ತಂದರು. ಟಿಕ್, ಸುಸ್. ಬಾಯಲ್ಲಿ ರಬ್ಬರ್ ಇತ್ತು, ತಪ್ಪಾಯ್ತು ಅನ್ನಲಾಗಲಿಲ್ಲ. ಐದು ನಿಮಿಷ ಆಯಿತು. ನಾನು ತೆಗೆಯಲಿಲ್ಲ. ತೆಗೆದರೆ ಅವರು ಎದ್ದು ಹೋಗುತ್ತಾರಲ್ಲ.