ಶಿವನಂಜಮ್ಮನ ಹಿಟ್ಟಿನ ಡಬ್ಬ

ಚಿಕ್ಕರಸಿನಕೆರೆಯ ಶಿವನಂಜಮ್ಮನಿಗೆ ಒಂದೇ ಒಂದು ಮಾತು ಬಾಯಿಗೆ ಬರುತ್ತಿರಲಿಲ್ಲ. ಬೈಗುಳ ಬರುತ್ತಿತ್ತು, ಬೇಕಾದಷ್ಟು ಬರುತ್ತಿತ್ತು. ಹಸಿದವರ ಮುಂದೆ ‘ಇಲ್ಲ’ ಅನ್ನುವುದು ಮಾತ್ರ ಬರುತ್ತಿರಲಿಲ್ಲ. ಅವಳ ಮನೆಯಲ್ಲಿ ಅದನ್ನು ಯಾರೂ ಕಲಿಸಿರಲಿಲ್ಲ. ನಮ್ಮ ಕಡೆಯವರು ಗೊತ್ತಲ್ಲ, ಜಗಳಕ್ಕೆ ಬಂದವನನ್ನೂ ‘ಮೊದ್ಲು ಇಟ್ಟು ಉಣ್ಲಾ, ಆಮೇಲೆ ಬೈಯ್ಯೀವಂತೆ’ ಅಂತ ಕೂರಿಸುವ ಜನ. ಇದರಿಂದಲೂ ಒಬ್ಬರಿಗೆ ಕೇಡಾದೀತು ಅಂತ ಯಾರಪ್ಪ ಯೋಚನೆ ಮಾಡುತ್ತಾರೆ?

ಗಂಡ ಜ್ವರದಲ್ಲಿ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು. ಯಾರ ಮಾತೂ ಕೇಳದೆ ಮೈಸೂರಿನ ಆಸ್ಪತ್ರೆಯೊಂದಕ್ಕೆ ನರ್ಸ್ ಕೆಲಸ ಕಲಿಯಲು ಹೋದಳು. ಎರಡನೇ ವರ್ಷ, ಟೈಫಾಯಿಡ್ ವಾರ್ಡಿನಲ್ಲಿ ಒಬ್ಬ ಹೆಂಗಸು ಜ್ವರ ಬಿಟ್ಟ ಮಾರನೇ ದಿನವೇ ‘ಒಂದ್ ತುತ್ತು ಮುದ್ದೆ ಸಾಕು ಕಣವ್ವ’ ಅಂತ ಸೆರಗು ಹಿಡಿದುಕೊಂಡಳು. ಇವಳು ತನ್ನ ತಟ್ಟೆಯಿಂದಲೇ ಮುರಿದು ಕೊಟ್ಟುಬಿಟ್ಟಳು. ಜ್ವರ ತಿರುಗಿ ಬಂತು. ಕರುಳು ತೂತಾಗದೆ ಆ ಹೆಂಗಸು ಬದುಕಿದ್ದೇ ಹೆಚ್ಚು. ಹೆಡ್ ನರ್ಸು ಮಲ್ಲಿಗಮ್ಮ ಇವಳನ್ನು ಓಡಿಸಿಯೇಬಿಡುತ್ತಿದ್ದರು. ಅತ್ತೂ ಕರೆದೂ ಉಳಿದುಕೊಂಡಳು. ಅವತ್ತಿನಿಂದ ತನ್ನ ಕೈ ಕಂಡರೆ ತನಗೇ ಹೆದರಿಕೆ.

ಎರಡನೇ ಮಹಾಯುದ್ಧ ಮುಗಿದ ಮಾರನೇ ವರ್ಷ ಅವಳ ಕಲಿಕೆ ಮುಗಿಯಿತು. ಸಮುದ್ರದಾಚೆಯ ಮಲಯಾದ ರಬ್ಬರ್ ತೋಟಗಳಲ್ಲಿ ನಮ್ಮ ದೇಶದ ಕೂಲಿ ಜನ ಹೊಟ್ಟೆಗಿಲ್ಲದೆ ಸಾಯುತ್ತಿದ್ದಾರೆ, ಪರಿಹಾರ ತಂಡಕ್ಕೆ ಸ್ವಯಂಸೇವಕರು ಬೇಕು ಅಂತ ಕರೆ ಬಂದಾಗ ಮೊದಲು ಕೈ ಎತ್ತಿದವಳು ಇವಳೇ. ಮಲಯಾ ಎಲ್ಲಿದೆ ಅಂದರೆ ಕೊಳ್ಳೇಗಾಲದ ಆಚೆ ಅಂದುಬಿಡುತ್ತಿದ್ದಳೇನೋ! ಮಲ್ಲಿಗಮ್ಮ ಸರ್ಟಿಫಿಕೇಟು ಕೈಗಿಡುತ್ತಾ ಅಂದರು: “ನಿನಗೆ ಸೂಜಿ ಚುಚ್ಚೋದು ಬರುತ್ತೆ, ಗಾಯ ಕಟ್ಟೋದು ಬರುತ್ತೆ. ಅಲ್ಲಿರೋರೆಲ್ಲ ಹಸಿದೋರು. ಒಣಗಿದ ಹೊಟ್ಟೆಗೆ ಒಂದೇ ಸಲ ಊಟ ಬಿದ್ದರೆ ಜೀವ ಹೋಗುತ್ತೆ. ನಿನ್ನ ಕೈ ದೊಡ್ಡದು, ಅದೇ ನನಗೆ ಭಯ.”

“ಇಲ್ಲ ಮೇಡಂ, ಇನ್ನೊಂದ್ಸಲ ಹಾಗೆ ಮಾಡಲ್ಲ,” ಅಂದಳು. ಅಂದಳೇನೋ ಸರಿ, ಊರಿಗೆ ಬಂದರೆ ಅಲ್ಲಿ ಅವ್ವ.

ಮಗಳು ಹೋಗುವುದು ಬೇಡ ಅಂತ ಚಿಕ್ಕಬೋರಮ್ಮ ಒಂದು ವಾರ ಜಗಳ ತೆಗೆದಳು. ಎಂಟನೇ ದಿನ ರಾಗಿ ಹುರಿದಳು. ಅರಳು ಚಟಪಟ ಸಿಡಿದು ಕೇರಿಯೆಲ್ಲ ಘಮ್ಮೆಂದಿತು. ಬೀಸುವ ಕಲ್ಲಿನ ಮುಂದೆ ಕೂತು ಬೀಸಿ, ಹುರಿಹಿಟ್ಟನ್ನು ತಗಡಿನ ಡಬ್ಬಕ್ಕೆ ಒತ್ತಿ ತುಂಬಿ, ಮೇಲೆ ನಾಲ್ಕು ಅಚ್ಚು ಬೆಲ್ಲ ಇಟ್ಟಳು.

“ಆ ದೇಸ್ದಲ್ಲಿ ಏನಿಕ್ತಾರೋ ಏನೋ. ಬಿಸ್ನೀರಲ್ಲಿ ಕಲ್ಸ್ಕೊಂಡು ತಿನ್ನು. ಒಬ್ಳೇ ತಿನ್ಬ್ಯಾಡ. ಅಸ್ದೋರು ಕೈ ಒಡ್ಡಿದ್ರೆ ಇಲ್ಲಾ ಅನ್ಬ್ಯಾಡ ಕಣಮ್ಮಿ. ನನ್ ತಲೆ ಮ್ಯಾಲೆ ಕೈಯಿಕ್ಕಿ ಆಣೆ ಮಾಡು.”

“ಅದೆಲ್ಲ ಯಾಕವ್ವ ಈಗ?”

“ಮಾಡು ಅಂದ್ರೆ ಮಾಡು. ಅಸ್ದೋರ ಸಾಪ ತಕ್ಕೊಂಡು ಈ ಮನೆಗೆ ವಾಪಸ್ ಬರ್ಬ್ಯಾಡ.”

ನರೆತ ಕೂದಲ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಮದ್ದೂರಿನಲ್ಲಿ ರೈಲು ಹತ್ತಿದಾಗ ಡಬ್ಬ ತೊಡೆಯ ಮೇಲಿತ್ತು. ಆಣೆ ಮುರಿದರೆ ಅವ್ವನ ತಲೆಗೆ ಕೇಡು, ಮುರಿಯದಿದ್ದರೆ ರೋಗಿಯ ಜೀವಕ್ಕೆ ಕೇಡು. ಎಂಥಾ ಗ್ರಹಚಾರ! ಮದ್ರಾಸಿನಲ್ಲಿ ಹಡಗು ಹತ್ತಿದ ಮೇಲೆ ಉಳಿದವರಿಗೆಲ್ಲ ಅಲೆಗೆ ವಾಂತಿ, ಇವಳಿಗೆ ಯೋಚನೆಗೆ ವಾಂತಿ.

ಪೆನಾಂಗಿನಿಂದ ಲಾರಿಯಲ್ಲಿ ಅರ್ಧ ದಿನ ಹೋದರೆ ಒಂದು ರಬ್ಬರ್ ತೋಟ. ತೋಟದ ಗೋದಾಮೇ ಆಸ್ಪತ್ರೆ. ಮೊದಲ ದಿನವೇ ಡಾಕ್ಟರು ಹದಿನಾರು ಮಂಚಗಳನ್ನು ಅವಳಿಗೆ ಒಪ್ಪಿಸಿದರು. “ಗಂಜಿಯ ತಿಳಿ, ಗಂಟೆಗೆ ಎರಡು ಚಮಚ. ಅತ್ತರೂ ಅಷ್ಟೇ, ಬೈದರೂ ಅಷ್ಟೇ,” ಅಂದು ಪಕ್ಕದ ತೋಟಕ್ಕೆ ಹೋದರು.

ರಾತ್ರಿ ಎಂಟು ಗಂಟೆಗೆ ಕೊಟ್ಟಳು, ಒಂಬತ್ತಕ್ಕೆ ಕೊಟ್ಟಳು. ಹತ್ತು ಗಂಟೆಗೆ, ಅವರ ಹಸಿವು ನೋಡುವ ಸಂಕಟ ತಡೆಯಲಾರದೆ, ಮೂಲೆಗೆ ಹೋಗಿ ತನಗೊಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳೋಣ ಅಂತ ಡಬ್ಬದ ಮುಚ್ಚಳ ತೆಗೆದಳು. ಹುರಿದ ರಾಗಿಯ ವಾಸನೆ ಗೋದಾಮಿಗೆಲ್ಲ ಹರಡಿತು.

ಕೊನೆಯ ಮಂಚದಲ್ಲಿ ಪೆರಿಯಾಂಡಿ ಅಂತ ಸೇಲಂ ಕಡೆಯ ಮುದುಕ. ಸೇಲಂನವರೂ ರಾಗಿ ತಿನ್ನುವವರೇ ಅಲ್ಲವೇ? ಅವನು ಮೂಗು ಅರಳಿಸಿದ. ಮಾತಾಡಲು ತ್ರಾಣವಿಲ್ಲ. ಕಡ್ಡಿಯಂಥ ಬಲಗೈ ಎತ್ತಿ, ಎಡ ಅಂಗೈ ಮೇಲೆ ಮೆಲ್ಲಗೆ ಉರುಳಿಸಿದ. ಮುದ್ದೆ ಕಟ್ಟುವ ಹಾಗೆ.

ಅಷ್ಟೇ. ಅಷ್ಟಕ್ಕೇ ಶಿವನಂಜಮ್ಮ ಕರಗಿಹೋದಳು. ಅವಳ ಅಪ್ಪ ಸಾಯುವ ಮುಂಚೆ ಹೀಗೇ ಕೈ ಆಡಿಸಿದ್ದ. ಒಂದು ನಿಂಬೆಹಣ್ಣಿನಷ್ಟು ಕೊಟ್ಟರೆ ಏನಾದೀತು ಅಂದುಕೊಂಡು ಬಿಸಿನೀರಿನಲ್ಲಿ ಬೆಲ್ಲ ಕರಗಿಸಿ ಕಲಸಿ ಉಂಡೆ ಮಾಡಿದಳು. ಅವನು ಕಣ್ಣು ಮುಚ್ಚಿ ನುಂಗಿದ. ಮತ್ತೆ ಕೈ ಉರುಳಿಸಿದ. ಇನ್ನೊಂದು ಕೊಟ್ಟಳು. ಮೂರನೆಯದನ್ನೂ ಕೊಟ್ಟಳು. ಮುದುಕ ನಕ್ಕ, ಕಣ್ಣಲ್ಲಿ ನೀರು ಬಂತು. ಇವಳಿಗೂ ಬಂತು.

ಹನ್ನೊಂದೂವರೆಗೆ ಅವನ ಹೊಟ್ಟೆ ಉಬ್ಬತೊಡಗಿತು. ಹನ್ನೆರಡಕ್ಕೆ ಉಸಿರು ಮೇಲಕ್ಕೆಳೆಯಿತು. ನಾಡಿ ಹಿಡಿದರೆ ಕೈಗೇ ಸಿಗದು. ಅಯ್ಯೋ, ಏನು ಮಾಡಿಬಿಟ್ಟೆ! ಬೆನ್ನು ನೀವಿದಳು, ಕಾಲು ತಿಕ್ಕಿದಳು, ಊರ ದೇವರಿಗೆಲ್ಲ ಹರಕೆ ಹೊತ್ತಳು. ಬಾಗಿಲಿಗೂ ಮಂಚಕ್ಕೂ ಎಷ್ಟು ಸಲ ಓಡಾಡಿದಳೋ. ಡಾಕ್ಟರ ಲಾರಿ ಬಂದದ್ದು ಎರಡು ಗಂಟೆಗೆ.

“ಏನು ತಿಂದ ಇವನು?”

ಗೊತ್ತಿಲ್ಲ ಅಂದಿದ್ದರೆ ನಡೆದುಹೋಗುತ್ತಿತ್ತು. “ನಾನೇ ಕೊಟ್ಟೆ ಸಾರ್. ಹುರಿಹಿಟ್ಟು. ಮೂರು ಉಂಡೆ,” ಅಂದಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದರು, ಸೂಜಿ ಹಾಕಿದರು, ಒಂದು ಗಂಟೆ ಗುದ್ದಾಡಿದರು. ಪೆರಿಯಾಂಡಿ ಉಳಿಯಲಿಲ್ಲ. ಉಳಿದ ಹದಿನೈದು ಜನ ಮಲಗಿದಲ್ಲಿಂದಲೇ ಎಲ್ಲವನ್ನೂ ನೋಡಿದರು.

“ನನ್ನನ್ನ ಊರಿಗೆ ಕಳಿಸಿಬಿಡಿ ಸಾರ್,” ಅಂದಳು.

“ಕಳಿಸಿ ಇಲ್ಲಿ ಯಾರನ್ನ ನಿಲ್ಲಿಸಲಮ್ಮ?” ಅಂದರು ಡಾಕ್ಟರು. “ಬೆಳಿಗ್ಗೆ ಏಳಕ್ಕೆ ವಾರ್ಡು ನಿಮ್ಮದೇ.”

ಬೆಳಿಗ್ಗೆ ಏಳಕ್ಕೆ ಗಂಜಿಯ ಪಾತ್ರೆ ಹಿಡಿದು ಒಳಗೆ ಬಂದಳು. ಎಲ್ಲರೂ ಉಗಿಯುತ್ತಾರೆ, ಕೊಂದವಳು ಅನ್ನುತ್ತಾರೆ ಅಂತ ಕಾಲು ಹಿಂದೆಗೆಯುತ್ತಿತ್ತು. ಹಾಗಾಗಲಿಲ್ಲ. ಮೊದಲ ಮಂಚದ ಹೆಂಗಸು ಅವಳನ್ನೇ ನೋಡುತ್ತಾ ಬಲಗೈ ಎತ್ತಿ, ಎಡ ಅಂಗೈ ಮೇಲೆ ಉರುಳಿಸಿದಳು. ಅವಳ ಪಕ್ಕದವನೂ ಉರುಳಿಸಿದ. ಒಬ್ಬೊಬ್ಬರಾಗಿ ಹದಿನೈದು ಜನವೂ ಕೈ ಎತ್ತಿದರು. ಮುದುಕ ಸತ್ತದ್ದನ್ನು ಕಣ್ಣಾರೆ ಕಂಡಿದ್ದರು. ನಕ್ಕಿದ್ದನ್ನೂ ಕಂಡಿದ್ದರು.

ಶಿವನಂಜಮ್ಮ ಪಾತ್ರೆಯನ್ನು ಎದೆಗೆ ಒತ್ತಿಕೊಂಡಳು. ಅಂಗೈಯಲ್ಲಿ ಅವ್ವನ ತಲೆ ಇನ್ನೂ ಬೆಚ್ಚಗಿದ್ದಂತಿತ್ತು.

“ಇಲ್ಲ,” ಅಂದಳು. ಮತ್ತೊಮ್ಮೆ, ಎಲ್ಲರಿಗೂ ಕೇಳುವ ಹಾಗೆ, “ಇಲ್ಲ,” ಅಂದು ಮೊದಲ ಮಂಚದ ಪಕ್ಕ ಕೂತು, ಆ ಹೆಂಗಸಿನ ಎತ್ತಿದ ಕೈ ಕೆಳಗಿಳಿಸಿ, ಚಮಚ ಬಾಯಿಗೆ ಹಿಡಿದಳು.