ಅಫ್ರಾಳ ಕತ್ತಿಗೊಪ್ಪಿದ ದುರ್ಬೀನು

ಹಿಂಟರ್‌ಬಾಖ್ ಹಳ್ಳಿಯಿಂದ ಲೀನ್ಸ್ ಪಟ್ಟಣಕ್ಕೆ ಬಸ್ಸು ಓಡಿಸುವ ಅಫ್ರಾ ಪ್ಲಟ್ಸರ್‌ಗೆ ಆ ಬೇಸಿಗೆಯಲ್ಲಿ ಎರಡು ನೋವುಗಳಿದ್ದವು. ಒಂದು ಕತ್ತಿನದು, ಇನ್ನೊಂದು ಕೆಂಪು ಬೊಟ್ಟಿನದು. ನಿಜ ಹೇಳಬೇಕೆಂದರೆ ಮೊದಲನೆಯದರಿಂದಲೇ ಎರಡನೆಯದು ಹುಟ್ಟಿದ್ದು.

ಕಣಿವೆಯ ಬೇಟೆಗಾರರು ತಾವು ಹೊಡೆದ ಕಾಡುಮೇಕೆಗಳ ಕೊಂಬುಗಳನ್ನು ಪ್ರತಿ ವಸಂತದಲ್ಲಿ ಊರಿನ ಸಭಾಂಗಣದ ಗೋಡೆಗೆ ತೂಗುಹಾಕುವುದು ವಾಡಿಕೆ. ಹೊಡೆಯಲು ಒಪ್ಪಿಗೆ ಸಿಕ್ಕಿದ್ದನ್ನೇ ಹೊಡೆದಿದ್ದರೆ ಕೊಂಬು ಕೂರಿಸಿದ ಹಲಗೆಗೆ ಹಸಿರು ಬೊಟ್ಟು. ಕಣ್ಣು ತಪ್ಪಿ ಬೇರೊಂದನ್ನು ಹೊಡೆದಿದ್ದರೆ ಕೆಂಪು. ಯಾರೂ ಏನೂ ಬೈಯುವುದಿಲ್ಲ. ಬಿಯರ್ ಲೋಟ ಹಿಡಿದು ಊರಿಗೆ ಊರೇ ಅದರ ಮುಂದೆ ನಿಧಾನವಾಗಿ ಹಾದುಹೋಗುತ್ತದೆ, ಅಷ್ಟೇ. ಆ ವರ್ಷ ಗೋಡೆಯ ಮೇಲೆ ಇದ್ದದ್ದು ಒಂದೇ ಕೆಂಪು ಬೊಟ್ಟು, ಅದು ಅಫ್ರಾಳದು. ಮುದಿ ಹೆಣ್ಣೆಂದು ತಿಳಿದು ಆಕೆ ಪ್ರಾಯದ ಗಂಡನ್ನು ಹೊಡೆದಿದ್ದಳು.

ದುರ್ಬೀನು ಇರಲಿಲ್ಲವೇ? ಇತ್ತು, ಬೆಟ್ಟದ ಬೇಟೆ ಗುಡಿಸಲಿನ ಗೂಟದಲ್ಲಿ ತೂಗುತ್ತಿತ್ತು. ಸೋದರಮಾವನಿಂದ ಬಂದ ಆ ದುರ್ಬೀನು ಹಾಲಿನ ಕ್ಯಾನಿನಷ್ಟು ಗಟ್ಟಿ, ಹೆಚ್ಚುಕಡಿಮೆ ಅಷ್ಟೇ ಭಾರ. ಭಾನುವಾರ ಅದನ್ನು ಕತ್ತಿಗೆ ಹಾಕಿಕೊಂಡು ಬೆಟ್ಟ ಹತ್ತಿದರೆ ಸೋಮವಾರ ತಲೆ ಎಡಕ್ಕೂ ತಿರುಗದು, ಬಲಕ್ಕೂ ತಿರುಗದು. ಹಿಂಟರ್‌ಬಾಖ್ ರಸ್ತೆಯ ತಿರುವುಗಳಲ್ಲಿ ತಲೆ ತಿರುಗದವಳು ಬಸ್ಸನ್ನು ತಿರುಗಿಸುವುದು ಹೇಗೆ? ಹಾಗಾಗಿ ಅದನ್ನು ಗೂಟಕ್ಕೆ ಹಾಕಿ ಹೋಗುವುದು ಆಕೆಗೆ ಅಭ್ಯಾಸವಾಗಿಬಿಟ್ಟಿತ್ತು.

"ನಮ್ಮ ಹಸುವಿನ ಕೊರಳ ಗಂಟೆ ಇದಕ್ಕಿಂತ ಹಗುರ ಕಣೇ," ಎನ್ನುತ್ತಿದ್ದ ಗಂಡ ಲೊರೆನ್ಸ್. ಆತ ಹಾಲಿನ ಡೇರಿಯಲ್ಲಿ ಚೀಸ್ ಮಾಡುವವನು. ಬೇಟೆಯ ಗೊಡವೆಗೆ ಹೋದವನಲ್ಲ. "ಗಂಟೆ ಕಟ್ಕೊಂಡು ಹೋಗು. ದಾರಿ ತಪ್ಪಿದ್ರೆ ಹುಡುಕೋಕಾದ್ರೂ ಆಗುತ್ತೆ."

ಬಸ್ಸಿನಲ್ಲಂತೂ ಬೇಸಿಗೆಯುದ್ದಕ್ಕೂ ಕೆಂಪು ಬೊಟ್ಟಿನದೇ ಮಾತು. ದಿನಾ ಬೆಳಿಗ್ಗೆ ಮುಂದಿನ ಸೀಟಿನಲ್ಲೇ ಕೂರುವ ವಾಲ್‌ಬುರ್ಗಾ ಅಜ್ಜಿ ಬಿಡುವವಳಲ್ಲ.

"ಅಫ್ರಾ, ಅಲ್ಲಿ ನಿಂತಿರೋದು ಪಾದ್ರಿಗಳು ಕಣೇ, ಮೇಕೆ ಅಲ್ಲ. ಸರಿಯಾಗಿ ನೋಡ್ಕೊಂಡು ನಿಲ್ಸು!"

"ಗೊತ್ತಜ್ಜಿ. ಪಾದ್ರಿಗಳಿಗೆ ಕೊಂಬಿಲ್ಲ."

"ಕೊಂಬಿದ್ರೂ ನಿಂಗೆ ಗಂಡೋ ಹೆಣ್ಣೋ ಗೊತ್ತಾಗ್ತಿರ್ಲಿಲ್ಲ ಬಿಡು!"

ಬಸ್ಸಿಗೆ ಬಸ್ಸೇ ನಗುತ್ತಿತ್ತು. ಅಫ್ರಾಳೂ ನಗುತ್ತಿದ್ದಳು. ನಗು ಬಾರದಂತೆ ಮಾಡಿದ್ದು ಬೇಟೆಗಾರರ ಮುಖ್ಯಸ್ಥ, ಮುದುಕ ಸೆವೆರಿನ್ ಹೇಳಿದ ಮಾತು.

"ಈ ಸಲ ಮರಿ ಇಲ್ಲದ ಮುದಿ ಹೆಣ್ಣು ನಿನ್ನ ಪಾಲಿಗೆ. ನಾನೂ ಜೊತೆಗೆ ಬರ್ತೀನಿ. ಇನ್ನೊಂದು ಕೆಂಪು ಬಿತ್ತೋ, ಬೆಟ್ಟದಲ್ಲಿ ನಿನ್ನ ಬೇಟೆ ಜಾಗ ಬೇರೆಯವರಿಗೆ ಹೋಗುತ್ತೆ. ಬೇಜಾರು ಮಾಡ್ಕೋಬೇಡಮ್ಮ, ನಿಯಮ ನಿಯಮವೇ."

ವಾರವೆಲ್ಲ ಸೀಟಿನಲ್ಲಿ ಕೂತಿರುವವಳಿಗೆ ಆ ಬೆಟ್ಟವೇ ಉಸಿರು. ಅದು ಕೈತಪ್ಪುವುದೆಂದರೆ? ಅಫ್ರಾ ಮರುದಿನವೇ ಬಸ್ಸನ್ನು ಲೀನ್ಸ್ ನಿಲ್ದಾಣದಲ್ಲಿ ನಿಲ್ಲಿಸಿ, ಮಧ್ಯಾಹ್ನದ ಬಿಡುವಿನಲ್ಲಿ ಬೇಟೆ ಸಾಮಾನಿನ ಅಂಗಡಿಗೆ ನಡೆದಳು.

ಅಂಗಡಿಯ ತರುಣ ವಿನಯವಂತ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನೊಂದನ್ನು ಮೊದಲು ಮುಂದಿಟ್ಟ. ಅಫ್ರಾ ಅದನ್ನು ತೆಗೆದುಕೊಂಡು ಅಂಗಡಿಯ ಮಹಡಿ ಮೆಟ್ಟಿಲನ್ನು ದಡದಡನೆ ಹತ್ತಿಳಿದು, ಏದುಸಿರು ಬಿಡುತ್ತಲೇ ಕಿಟಕಿಯಾಚೆ ನೋಡಿದಳು.

"ಮೇಡಂ, ಏನಾಯ್ತು?"

"ಏನಿಲ್ಲಪ್ಪ. ಬೆಟ್ಟ ಹತ್ತಿ ನಿಂತಾಗ ನಾನು ಇರೋದೇ ಹೀಗೆ. ಇದ್ರಲ್ಲಿ ಎದುರು ಮನೆ ಕುಣೀತಾ ಇದೆ. ಎಂಟು ಪಟ್ಟಿಂದು ಕೊಡು, ಸಾಕು."

ಎಂಟು ಪಟ್ಟಿನದರಲ್ಲಿ ತೀರ ಪುಟ್ಟದೊಂದು ಬಂತು. ಅಂಗಿ ಜೇಬಿನಲ್ಲಿ ಅಡಗುವಂಥದು. ಕನ್ನಡಕ ಹಾಕಿದ ಅಫ್ರಾಳಿಗೆ ಅದರಲ್ಲಿ ನೋಟ ಬೀಗದ ಕೈಯ ಕಿಂಡಿಯಲ್ಲಿ ಇಣುಕಿದಂತಾಯಿತು. ಕೊನೆಗೆ ಬಂದದ್ದು ಮಧ್ಯಮ ಗಾತ್ರದ್ದು. ಒಂದು ಕೈಯಲ್ಲಿ ಹಿಡಿದು, ಅದೇ ಕೈಯ ಬೆರಳಿನಿಂದ ನೋಟ ಸರಿಪಡಿಸುವ ಗಾಲಿ ತಿರುಗಿಸಬಹುದು. ಇನ್ನೊಂದು ಕೈ ಊರುಗೋಲು ಹಿಡಿಯಲು ಬಿಡುವು. ಅದನ್ನು ಕತ್ತಿಗೆ ಹಾಕಿಕೊಂಡು ಆಕೆ ಅಂಗಡಿಯ ನಡುವೆ ನಿಂತು, ತಿರುವಿನಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಯುವವಳಂತೆ ಎಡಭುಜದ ಮೇಲಿಂದ ನೋಡಿದಳು, ಬಲಭುಜದ ಮೇಲಿಂದ ನೋಡಿದಳು. ಕೈಚೀಲ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಗಾಬರಿಯಾಗಿ ದಾರಿ ಬಿಟ್ಟಳು.

"ಒಂದು ಮಾತು ಹೇಳ್ಬೇಕು ಮೇಡಂ," ಎಂದ ತರುಣ. "ಕತ್ತಲಾಗೋ ಹೊತ್ತಿಗೆ ಇದು ದೊಡ್ಡದರಷ್ಟು ತೋರಿಸಲ್ಲ. ಅದಕ್ಕಿಂತ ಬೇಗ ಕಪ್ಪಾಗುತ್ತೆ."

"ನನ್ನ ಕೊನೇ ಬಸ್ಸೂ ಹಂಗೇ. ಹೊತ್ತಾದ್ಮೇಲೆ ಯಾರು ಕೂಗಿದ್ರೂ ನಿಲ್ಲಲ್ಲ. ಕಟ್ಟಿ ಕೊಡು."

ಅಕ್ಟೋಬರಿನ ಒಂದು ಶನಿವಾರ ಸೆವೆರಿನ್ ಮತ್ತು ಅಫ್ರಾ ಬೆಟ್ಟ ಹತ್ತಿದರು. ಆಕೆಯ ಎದೆಯ ಮೇಲೆ ತೂಗುತ್ತಿದ್ದುದನ್ನು ಕಂಡು ಮುದುಕ ಮೀಸೆಯಲ್ಲೇ ನಕ್ಕ.

"ಇದೇನಮ್ಮ, ಇಷ್ಟು ಪುಟ್ಟ ದುರ್ಬೀನು ಹಾಕ್ಕೊಂಡು ನಾಟಕ ನೋಡೋಕೆ ಹೊರಟಿದ್ದೀಯಾ?"

"ನಾಟಕ ನೋಡೋಕೆ ದುರ್ಬೀನು ಯಾಕೆ? ನೀನು ಪಕ್ಕದಲ್ಲೇ ಇದ್ದೀಯಲ್ಲ."

ಆತನ ಕೊರಳಲ್ಲಿದ್ದದ್ದು ಹಳೆಯ ಕಾಲದ ದೊಡ್ಡ ದುರ್ಬೀನು. ಏರಿನಲ್ಲಿ ಆತ ಅದನ್ನು ಒಮ್ಮೆ ಬೆನ್ನಿಗೆ, ಒಮ್ಮೆ ಹೆಗಲಿಗೆ ಬದಲಾಯಿಸುತ್ತ ನಡೆಯುವುದನ್ನು ಅಫ್ರಾ ಕಂಡಳು. ಲೊರೆನ್ಸ್ ಕಟ್ಟಿಕೊಟ್ಟ ಚೀಸ್, ರೊಟ್ಟಿ, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸವನ್ನು ಬಂಡೆಯ ಮರೆಯಲ್ಲಿ ಕೂತು ತಿಂದರು. ಸೂರ್ಯ ಶಿಖರದ ಹಿಂದೆ ಸರಿದ ಮೇಲೆ ಎದುರಿನ ಇಳಿಜಾರಿನಲ್ಲಿ, ಕುಳ್ಳ ಪೈನ್ ಪೊದೆಗಳ ಅಂಚಿನಲ್ಲಿ, ಕಾಡುಮೇಕೆಯೊಂದು ಬಂದು ನಿಂತಿತು.

ಸೆವೆರಿನ್ ತನ್ನ ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿದ. "ಹೆಣ್ಣು. ಮುದಿ. ಒಂಟಿ. ಹೊಡಿ."

ಅಫ್ರಾ ತನ್ನದರಲ್ಲಿ ನೋಡಿದಳು. ಕೊಂಬು ಕಂಡಿತು, ಬೆನ್ನು ಕಂಡಿತು. ಕಾಲಿನ ಕೆಳಗೆಲ್ಲ ಆಗಲೇ ಕಪ್ಪು.

"ನಂಗೆ ಅದರ ಕಾಲಬುಡ ಕಾಣ್ತಿಲ್ಲ."

"ನಂಗೆ ಕಾಣುತ್ತಲ್ಲ! ಬೇಕಿದ್ರೆ ಬಂದೂಕಿನ ಮೇಲಿನ ದುರ್ಬೀನಲ್ಲಿ ನೋಡು."

"ಹೋದ ವರ್ಷ ಅದನ್ನೇ ಮಾಡಿದ್ದು ನಾನು. ಬಂದೂಕಿನಿಂದ ನೋಡಿದ್ರೆ ಕಣ್ಣಿಗಿಂತ ಬೆರಳಿಗೇ ಅವಸರ ಜಾಸ್ತಿ."

"ಅಯ್ಯೋ, ಹೋಗಿಬಿಡುತ್ತೆ ಕಣಮ್ಮ! ಹೊಡಿ ಅಂತ ನಾನೇ ಹೇಳ್ತಿದ್ದೀನಲ್ಲ!"

ಬೆಟ್ಟದಲ್ಲಿ ಆಕೆಯ ಜಾಗವನ್ನು ಉಳಿಸುವವನೂ ಕಳೆಯುವವನೂ ಇದೇ ಮುದುಕ. ಅವನೇ ಹೊಡಿ ಎನ್ನುತ್ತಿದ್ದಾನೆ. ಆದರೂ ಆಕೆ ದುರ್ಬೀನನ್ನು ಎದೆಗೆ ಇಳಿಬಿಟ್ಟಳು.

"ಹೇಳೋದು ನೀನು, ಬೊಟ್ಟು ಬೀಳೋದು ನಂಗೆ. ನನ್ನ ದುರ್ಬೀನಿಗೆ ಹೊತ್ತಾಯ್ತು. ಇವತ್ತಿಗೆ ಸಾಕು."

ಗುಡಿಸಲಿನಲ್ಲಿ ಸೆವೆರಿನ್ ಸಾರು ಕುಡಿದು, ಗೋಡೆಯ ಕಡೆ ತಿರುಗಿ ಮಲಗಿದ.

ಬೆಳಿಗ್ಗೆ ಅದೇ ಬಂಡೆಯ ಮರೆಗೆ ಹೋದರು. ಇಳಿಜಾರಿನ ಮೇಲೆ ಬಿಸಿಲು ಬಿದ್ದಿತ್ತು. ಅದೇ ಮೇಕೆ, ಒಂದು ಕೊಂಬಿನ ತುದಿ ಮುರಿದದ್ದು, ಅದೇ ಪೊದೆಯ ಬಳಿ ಮೇಯುತ್ತಿತ್ತು. ಅಫ್ರಾ ದುರ್ಬೀನು ಎತ್ತಿದಳು. ಪೊದೆಯ ಹಿಂದಿನ ತಗ್ಗಿನಿಂದ ಮೊದಲು ಎರಡು ಕಿವಿ ಬಂದವು. ಆಮೇಲೆ ಕಿವಿಗಳ ಒಡೆಯ ಬಂದ: ಆ ವರ್ಷದ ಮರಿ, ತಾಯಿಯ ಹೊಟ್ಟೆಗೆ ಮೂತಿಯಿಂದ ಗುದ್ದುತ್ತ ಹಾಲಿಗೆ ಹಟ ಹಿಡಿದಿತ್ತು.

ಪಕ್ಕದಲ್ಲಿ ಸೆವೆರಿನ್‌ನ ದೊಡ್ಡ ದುರ್ಬೀನು ನಿಧಾನವಾಗಿ ಕೆಳಗಿಳಿಯಿತು. ಆತ ಟೋಪಿ ತೆಗೆದು ತಲೆ ಕೆರೆದುಕೊಂಡ, ಮತ್ತೆ ಹಾಕಿಕೊಂಡ.

"ಸ್ವಲ್ಪ ಚೀಸ್ ಉಳಿದಿದೆಯಾ?" ಎಂದಷ್ಟೇ ಕೇಳಿದ.

ಉಳಿದಿತ್ತು. ಇಬ್ಬರೂ ಅಲ್ಲೇ ಕೂತು, ಮರಿಯ ಆಟ ನೋಡುತ್ತ ತಿಂದರು.

ಸೋಮವಾರ ಬೆಳಿಗ್ಗೆ ಬಸ್ಸಿನ ತುಂಬ ಜನ. ಸೆವೆರಿನ್ ಕೂಡ ಏನೋ ಕೆಲಸವೆಂದು ಹತ್ತಿ ಹಿಂದೆಲ್ಲೋ ಕೂತಿದ್ದ. ವಾಲ್‌ಬುರ್ಗಾ ಅಜ್ಜಿ ಕೂರುವ ಮೊದಲೇ ಶುರುಮಾಡಿದಳು.

"ಏನು ತಂದ್ಯೇ ಬೆಟ್ಟದಿಂದ?"

"ಏನೂ ಇಲ್ಲ ಅಜ್ಜಿ."

"ಹೊಸ ದುರ್ಬೀನು ಇಟ್ಕೊಂಡೂ ಬರಿಗೈನಾ? ಅಯ್ಯೋ ದೇವ್ರೇ ಅಂತ ಆ ಮೇಕೆಗಳೇ ನಿನ್ನ ನೋಡಿ ನಕ್ಕಿರ್ಬೇಕು!"

"ಅಜ್ಜೀ," ಎಂದು ಹಿಂದಿನಿಂದ ದೊಡ್ಡ ದನಿ ಬಂತು. ಸೆವೆರಿನ್ ಎದ್ದು ನಿಂತಿದ್ದ. "ಹಾಲೂಡಿಸೋ ತಾಯಿನ ನಾನು ಒಂಟಿ ಅಂದೆ. ಹೊಡಿ ಅಂದೆ. ಇವಳು ಹೊಡೀಲಿಲ್ಲ. ಹೊಡೆದಿದ್ರೆ ಬೊಟ್ಟು ಇವಳ ಹೆಸರಲ್ಲಿ, ತಪ್ಪು ನಂದು. ಇನ್ಮೇಲೆ ಇವಳು ಒಬ್ಬಳೇ ಬೆಟ್ಟಕ್ಕೆ ಹೋಗಬಹುದು. ನಾನು ಜೊತೆಗೆ ಬೇಕಾಗಿಲ್ಲ."

ಅಜ್ಜಿ ಹಿಂದಕ್ಕೆ ತಿರುಗಿ ಆತನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಹೇಳಿದಳು: "ಹಂಗಾದ್ರೆ ಸೆವೆರಿನ್, ಮೊದಲು ಕೂತ್ಕೋಪ್ಪ. ನೀನು ನಿಂತಿದ್ರೆ ಬಸ್ಸು ಹೊರಡಲ್ಲ."

ಅಫ್ರಾ ಹಿಂದಕ್ಕೆ ತಿರುಗಿ ಆತನನ್ನು ನೋಡಿ ನಕ್ಕಳು. ಎಡಭುಜದ ಮೇಲಿಂದ ಪೂರ್ತಿ ತಿರುಗಿದ್ದಳು. ಸೋಮವಾರವಾಗಿದ್ದರೂ ಕತ್ತು ನೋಯಲಿಲ್ಲ.